ಒಂದೇ ಮಾಡೆಲ್, ಐದು ಸ್ಕ್ರೀನ್: ಗೇಟ್ ಆ್ಯಪ್‌ಗೆ ಇದು ಆಗುವ ಮಾತಾ?

ಕೆಂಗೇರಿ ಕಂಪೈಲರ್

ನಮ್ಮದು ಸಣ್ಣ ಟೀಮ್. ಅಪಾರ್ಟ್‌ಮೆಂಟ್ ಗೇಟ್‌ಗೆ ಸಾಫ್ಟ್‌ವೇರ್ ಮಾಡುತ್ತೇವೆ. ಬೆಂಗಳೂರಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡೆಲಿವರಿ ಹುಡುಗ ಬರುತ್ತಾನೆ, ಗಾರ್ಡ್ ಟ್ಯಾಬ್‌ನಲ್ಲಿ ಎಂಟ್ರಿ ಹಾಕುತ್ತಾರೆ, ಮನೆಯವರ ಫೋನ್‌ಗೆ ಮೆಸೇಜ್ ಹೋಗುತ್ತದೆ, ಅವರು ಬಿಡಿ ಅಂದರೆ ಒಳಗೆ.

ತೊಂದರೆ ಏನೆಂದರೆ ಇದೇ ಎಂಟ್ರಿ ಐದು ಕಡೆ ಇದೆ. ಗಾರ್ಡ್ ಹತ್ತಿರ ಅಗ್ಗದ ಆಂಡ್ರಾಯ್ಡ್ ಟ್ಯಾಬ್. ಮನೆಯವರ ಹತ್ತಿರ ಆಂಡ್ರಾಯ್ಡ್ ಇಲ್ಲವೇ ಐಫೋನ್. ಅಸೋಸಿಯೇಷನ್ ಆಫೀಸಲ್ಲಿ ವೆಬ್. ಆ್ಯಪ್ ಹಾಕಿಕೊಳ್ಳೋದೇ ಇಲ್ಲ ಅಂತ ಹಟ ಹಿಡಿದ ಹಿರಿಯರಿಗೆ ವಾಟ್ಸಾಪ್. ರೂಲ್ ಒಂದು ಬದಲಾದರೆ ಐದು ಕಡೆ ಕೈ ಹಾಕಬೇಕು.

ಗಾಡಿ ನಂಬರ್ ವಿಷಯವನ್ನೇ ತಗೊಳ್ಳಿ. ಕೆಎ 05 ಥರದ ನಂಬರ್‌ಗೆ ಒಂದು ಚೆಕ್ ಇತ್ತು. ರಾಜ್ಯದ ಎರಡು ಅಕ್ಷರ, ಎರಡು ಅಂಕಿ, ಮತ್ತೆ ಅಕ್ಷರ, ಕೊನೆಗೆ ನಾಲ್ಕು ಅಂಕಿ. 2021ರಲ್ಲಿ ಬಿಎಚ್ ಸೀರೀಸ್ ಬಂತು. ಅದರಲ್ಲಿ ಮೊದಲು ವರ್ಷದ ಎರಡು ಅಂಕಿ, ಆಮೇಲೆ ಬಿಎಚ್, ಆಮೇಲೆ ನಾಲ್ಕು ಅಂಕಿ, ಅಕ್ಷರ ಕೊನೆಗೆ. ಊರೂರಿಗೆ ವರ್ಗವಾಗುವವರಿಗೆ ಅಂತ ಬಂದ ಸೀರೀಸ್, ಹಾಗಾಗಿ ನಮ್ಮೂರಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ವೆಬ್‌ನಲ್ಲಿ ಚೆಕ್ ಬದಲಾಯಿತು, ಫೋನ್ ಆ್ಯಪ್‌ಗಳಲ್ಲೂ ಬದಲಾಯಿತು, ಟ್ಯಾಬ್‌ಗಳಲ್ಲಿ ಮಾತ್ರ ಹಳೇ ಆ್ಯಪ್ ಓಡುತ್ತಿತ್ತು. ಗಾರ್ಡ್‌ಗಳು ಏನು ಮಾಡುತ್ತಿದ್ದರು ಗೊತ್ತಾ? ಬಿಎಚ್ ಗಾಡಿ ಬಂದರೆ ಕೆಎ 01 ಎಎ 0000 ಅಂತ ಹೊಡೆದು ಮುಂದೆ ಕಳಿಸುತ್ತಿದ್ದರು. ಅವರದೇನೂ ತಪ್ಪಿಲ್ಲ, ಹಿಂದೆ ಹಾರ್ನ್ ಹೊಡೆಯುವವರ ಸಾಲೇ ಇರುತ್ತದೆ.

ಈಗ ನಮ್ಮ ಮ್ಯಾನೇಜರ್ ಎಲ್ಲೋ ಓದಿಕೊಂಡು ಬಂದು 'ಮಾಡೆಲ್ ಡ್ರಿವನ್ ಯುಐ ಮಾಡೋಣ, ಒಂದು ಸಲ ಬರೆದರೆ ಎಲ್ಲಾ ಸ್ಕ್ರೀನ್ ತಾನೇ ಹುಟ್ಟುತ್ತದೆ' ಅನ್ನುತ್ತಿದ್ದಾರೆ. ಅಂದರೆ ಯಾವ ಮಾಹಿತಿ, ಯಾವ ರೂಲ್ ಅನ್ನುವ ವಿವರಣೆ (ಮಾಡೆಲ್) ಒಂದೇ ಕಡೆ ಇರುತ್ತದೆ, ಬಳಸುವವರು ನೋಡುವ ಸ್ಕ್ರೀನ್ (ಯುಐ) ಅದರಿಂದ ಬರುತ್ತದೆ. ಇದನ್ನು ನಿಜವಾಗಿ ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ದಿನಾ ಬಳಸುವ ಆ್ಯಪ್‌ನಲ್ಲಿ, ಓಡಿಸಿದವರು ಯಾರಾದರೂ ಇದ್ದೀರಾ? ಇಡ್ಲಿ ಹಿಟ್ಟಲ್ಲೇ ದೋಸೆ ಹೊಯ್ಯೋ ಉದಾಹರಣೆ ಮಾತ್ರ ಕೊಡಬೇಡಿ, ಮೀಟಿಂಗ್‌ನಲ್ಲಿ ಕೇಳಿ ಕೇಳಿ ಸಾಕಾಗಿದೆ.

ಹಳೇ ಜಾವಾ ಮೇಷ್ಟ್ರು

ನಿಮ್ಮ ಮ್ಯಾನೇಜರ್ ಹೇಳಿದ ಮಾತಿಗೆ ನಲವತ್ತು ವರ್ಷ ವಯಸ್ಸು. 1983ರಲ್ಲಿ ಜರ್ಮನಿಯ ಸೀಹೈಮ್‌ನಲ್ಲಿ ಒಂದು ಕಾರ್ಯಾಗಾರ ನಡೆಯಿತು. ಕಾಣುವ ಭಾಗ, ಸಂವಾದ ನಡೆಸುವ ಭಾಗ, ಹಿಂದಿನ ಅಪ್ಲಿಕೇಷನ್, ಈ ಮೂರನ್ನೂ ಬೇರೆ ಬೇರೆ ಇಡಿ ಅನ್ನುವ ಮಾಡೆಲ್ ಅಲ್ಲಿಂದ ಬಂತು. 2001ರಲ್ಲಿ ಸಾಫ್ಟ್‌ವೇರ್ ಮಾನದಂಡ ಮಾಡುವ ಓಎಂಜಿ ಸಂಸ್ಥೆ ಎಂಡಿಎ (ಮಾಡೆಲ್ ಡ್ರಿವನ್ ಆರ್ಕಿಟೆಕ್ಚರ್) ಅಂತ ಶುರು ಮಾಡಿತು. ಯಾವುದರ ಮೇಲೆ ಓಡುತ್ತದೆ ಅನ್ನುವುದು, ಅಂದರೆ ಪ್ಲಾಟ್‌ಫಾರ್ಮ್, ಗೊತ್ತಿಲ್ಲದ ಮಾಡೆಲ್ ಬರೆಯಿರಿ, ಅದರಿಂದ ಪ್ಲಾಟ್‌ಫಾರ್ಮ್‌ಗೆ ತಕ್ಕ ಮಾಡೆಲ್ ಹುಟ್ಟಿಸಿ, ಅದರಿಂದ ಕೋಡ್. ಆಗ ನಾವೆಲ್ಲ ಯುಎಂಎಲ್ ಅನ್ನುವ ಸಾಫ್ಟ್‌ವೇರ್ ವಿನ್ಯಾಸದ ಚಿತ್ರ ಬಿಡಿಸಿ ಬಿಡಿಸಿ ಸುಸ್ತಾಗಿದ್ದೆವು.

ಯುಐ ವಿಷಯಕ್ಕೆ ಬಂದರೆ 2003ರ ಕಮೀಲಿಯನ್ ಚೌಕಟ್ಟನ್ನು ಒಮ್ಮೆ ನೋಡಿ. ಯುರೋಪಿನ ಸಂಶೋಧಕರು ಮಾಡಿದ್ದು. ನಾಲ್ಕು ಹಂತ ಇದೆ. ನಿಮ್ಮ ಗೇಟ್‌ಗೇ ಹಾಕಿ ಹೇಳುತ್ತೇನೆ.

ಎಲ್ಲಕ್ಕಿಂತ ಮೇಲೆ ಕೆಲಸ ಮತ್ತು ವಿಷಯ. 'ಬಂದವರನ್ನು ಒಳಗೆ ಬಿಡಬೇಕೋ ಬೇಡವೋ ಅಂತ ಮನೆಯವರು ತೀರ್ಮಾನ ಮಾಡುವುದು', ಇದು ಕೆಲಸ. ಬಂದವರು, ಮನೆ, ಗಾಡಿ ಇವು ವಿಷಯ. ಅದರ ಕೆಳಗೆ ಅಮೂರ್ತ ಯುಐ. ಇಲ್ಲಿ ಬಟನ್ ಅನ್ನುವ ಮಾತೇ ಬರಕೂಡದು. 'ಇವುಗಳಲ್ಲಿ ಒಂದನ್ನು ಆರಿಸು', ಅಷ್ಟೇ. ಮೂರನೇದು ಕಾಂಕ್ರೀಟ್ ಯುಐ. ಫೋನ್‌ನಲ್ಲಾದರೆ ನೋಟಿಫಿಕೇಷನ್ ಮೇಲೇ ಬಟನ್, ವೆಬ್‌ನಲ್ಲಾದರೆ ಸಾಲಿನ ಕೊನೆಯಲ್ಲಿ ಮೆನು, ದನಿಯಲ್ಲಾದರೆ 'ಬಿಡಲು ಒಂದು ಒತ್ತಿ'. ಕೊನೆಯದು ನಿಜವಾಗಿ ಓಡುವ ಕೋಡ್.

ಮೇಲಿನ ಹಂತಕ್ಕೆ ಇಟಲಿಯ ಪೀಸಾದಲ್ಲಿ ಫಾಬಿಯೋ ಪತೆರ್ನೋ ಅವರ ಗುಂಪು ಮಾಡಿದ ಕಾಂಕರ್‌ಟಾಸ್ಕ್‌ಟ್ರೀಸ್ ಅನ್ನುವ ಬರಹ ಪದ್ಧತಿ ಇದೆ, 1997ರದ್ದು. ಗಾರ್ಡ್ ಫೋಟೋ ತೆಗೆಯುವುದು, ಗಾಡಿ ನಂಬರ್ ಹೊಡೆಯುವುದು ಯಾವುದು ಮೊದಲಾದರೂ ಸರಿ. ಎರಡೂ ಮುಗಿದ ಮೇಲೇ ಮನೆಯವರನ್ನು ಕೇಳಬೇಕು. ಮಧ್ಯೆ ಬಂದವರು 'ಬೇಡ ಬಿಡಿ ಸಾರ್' ಅಂತ ಹೊರಟುಹೋದರೆ ಎಲ್ಲಾ ಅಲ್ಲಿಗೇ ನಿಲ್ಲಬೇಕು. ಈ ಮೂರು ಸಂಬಂಧಕ್ಕೂ ಅದರಲ್ಲಿ ಬೇರೆ ಬೇರೆ ಗುರುತು ಇದೆ. ಟೂಲ್ ಬಳಸದಿದ್ದರೂ ಪರವಾಗಿಲ್ಲ, ಒಂದು ಹಾಳೆಯ ಮೇಲೆ ಈ ಮರ ಬರೆದು ನೋಡಿ. ನಿಮ್ಮ ಐದು ಆ್ಯಪ್‌ಗಳಲ್ಲಿ ಮೂರನೇ ಸಂಬಂಧ, ಅಂದರೆ ಅರ್ಧಕ್ಕೆ ಬಿಟ್ಟುಹೋಗುವುದು, ಎಷ್ಟರಲ್ಲಿ ಸರಿಯಾಗಿದೆ ಅಂತ ಆಗ ಗೊತ್ತಾಗುತ್ತದೆ.

ಸಿಲ್ಕ್ ಬೋರ್ಡ್ ಸಂತ

ಮೇಷ್ಟ್ರೇ, ಪಾಠ ಚೆನ್ನಾಗಿದೆ. ಆದರೆ ಇಷ್ಟು ಒಳ್ಳೇದಾಗಿದ್ದರೆ ಎಲ್ಲರೂ ಯಾಕೆ ಬಳಸುತ್ತಿಲ್ಲ?

ತಾನೇ ಹುಟ್ಟಿದ ಸ್ಕ್ರೀನ್ ನೋಡಿದ ತಕ್ಷಣ ಗೊತ್ತಾಗುತ್ತದೆ. ಎಡಗಡೆ ಹೆಸರು, ಬಲಗಡೆ ಖಾಲಿ ಡಬ್ಬ, ಅದರ ಕೆಳಗೆ ಇನ್ನೊಂದು ಹೆಸರು, ಇನ್ನೊಂದು ಡಬ್ಬ, ಕೆಳಗೆ ಎಲ್ಲೋ ಒಂದು ಸಲ್ಲಿಸು. ಸರ್ಕಾರಿ ಅರ್ಜಿ ಥರ. ಒಂದು ಬಟನ್ ಸ್ವಲ್ಪ ಮೇಲೆ ತರಬೇಕು ಅಂದರೆ ಮಾಡೆಲ್‌ನಲ್ಲಿ ಏನು ಬದಲಾಯಿಸಿದರೆ ಅದು ಮೇಲೆ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಬ್ರಾಡ್ ಮೈಯರ್ಸ್, ಸ್ಕಾಟ್ ಹಡ್ಸನ್, ರ‍್ಯಾಂಡಿ ಪಾಶ್ 2000ದಲ್ಲೇ ಒಂದು ಲೇಖನದಲ್ಲಿ ಇದನ್ನು ಹೇಳಿದ್ದಾರೆ. ಇಂಥ ಟೂಲ್ ಕಲಿಯುವುದೇ ಕಷ್ಟ, ಕಲಿತರೂ ಕೊನೆಗೆ ಸ್ಕ್ರೀನ್ ಹೇಗೆ ಬರುತ್ತದೆ ಅಂತ ಊಹಿಸಲಾಗುವುದಿಲ್ಲ, ಕೈಯಲ್ಲಿ ಮಾಡಿದಷ್ಟು ಚೆನ್ನಾಗಿಯೂ ಇರುವುದಿಲ್ಲ. ಇಷ್ಟು ವರ್ಷದಲ್ಲಿ ಇದು ಬದಲಾಗಿದೆ ಅಂತ ನನಗನಿಸುವುದಿಲ್ಲ.

ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್, ವೆಬ್ ಎಲ್ಲಕ್ಕೂ ಆ್ಯಪ್ ಮಾಡುವ ಫ್ಲಟರ್ ಹಾಕಿ, ಮುಗಿಸಿ.

ಟಿನ್ ಫ್ಯಾಕ್ಟರಿ ಟೈಪ್‌ಸ್ಕ್ರಿಪ್ಟ್

ಫ್ಲಟರ್ ಒಂದೇ ಕೋಡ್ ಕೊಡುತ್ತದೆ ಗುರು, ಒಂದೇ ಮಾಡೆಲ್ ಅಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ಅದು ತನ್ನದೇ ಎಂಜಿನ್‌ನಲ್ಲಿ ಪಿಕ್ಸೆಲ್ ಬರೆಯುತ್ತದೆ, ಅದೇ ಥರದ ಇನ್ನೊಂದು ಟೂಲ್ ರಿಯಾಕ್ಟ್ ನೇಟಿವ್ ಆಯಾ ಫೋನ್‌ನ ಸ್ವಂತ ವಿಜೆಟ್ (ಬಟನ್, ಡಬ್ಬ ಥರದ್ದು) ಕರೆಯುತ್ತದೆ. ಎರಡರಲ್ಲೂ ಕೊನೆಗೆ ನೀವು ಬರೆಯುವುದು 'ಇಲ್ಲಿ ಬಟನ್ ಇಡು' ಅಂತಲೇ. ಮೇಷ್ಟ್ರ ಲೆಕ್ಕದಲ್ಲಿ ಮೂರನೇ ಹಂತ. ಸ್ಕ್ರೀನ್ ಇರುವ ಕಡೆ ಸರಿ. ವಾಟ್ಸಾಪ್‌ಗೆ ಫ್ಲಟರ್ ಏನು ಮಾಡುತ್ತದೆ? ಅಲ್ಲಿ ನಿಮ್ಮ ಪಿಕ್ಸೆಲ್ ಯಾವುದೂ ಇಲ್ಲ. ಒಂದು ಮೆಸೇಜ್‌ಗೆ ಮೂರು ರಿಪ್ಲೈ ಬಟನ್, ಅದಕ್ಕಿಂತ ಜಾಸ್ತಿ ಆಯ್ಕೆ ಬೇಕೆಂದರೆ ಹತ್ತು ಸಾಲಿನ ಲಿಸ್ಟ್, ಹೀಗೆ ಅವರು ಕೊಟ್ಟ ಅಚ್ಚಿನಲ್ಲೇ ಕೂರಬೇಕು.

ಸಮೀಕ್ಷೆ ಅಕ್ಕ

ನಾನು ಆ್ಯಪ್ ಬರೆಯುವವಳಲ್ಲ, ಹಳ್ಳಿಗಳಲ್ಲಿ ಆರೋಗ್ಯ ಸಮೀಕ್ಷೆ ಮಾಡಿಸುವವಳು. ಆದರೂ ಹೇಳುತ್ತೇನೆ, ನೀವು ಏನನ್ನು ಪ್ರೊಡಕ್ಷನ್‌ನಲ್ಲಿ ಇದೆಯಾ ಅಂತ ಕೇಳುತ್ತಿದ್ದೀರೋ ಅದನ್ನು ನಾವು ದಿನಾ ಬಳಸುತ್ತೇವೆ. ಮಾಡೆಲ್ ಡ್ರಿವನ್ ಅನ್ನುವ ಹೆಸರನ್ನು ಮಾತ್ರ ಇವತ್ತೇ ಕೇಳಿದ್ದು.

ಫೋನ್‌ನಲ್ಲಿ ಸಮೀಕ್ಷೆ ಮಾಡಲು ಓಡಿಕೆ ಅಂತ ಒಂದು ಸಾಫ್ಟ್‌ವೇರ್ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು, ಉಚಿತ. ನಾವು ಫಾರ್ಮ್ ಬರೆಯುವುದು ಎಕ್ಸೆಲ್‌ನಲ್ಲಿ, ಅದಕ್ಕೆ ಎಕ್ಸ್‌ಎಲ್‌ಎಸ್‌ಫಾರ್ಮ್ ಅನ್ನುತ್ತಾರೆ. ಒಂದು ಸಾಲು ಅಂದರೆ ಒಂದು ಪ್ರಶ್ನೆ. ಮೊದಲ ಕಾಲಂನಲ್ಲಿ ಪ್ರಶ್ನೆಯ ಬಗೆ: ಅಂಕಿಯೋ, ಅಕ್ಷರವೋ, ಒಂದನ್ನು ಆರಿಸುವುದೋ, ಫೋಟೋವೋ. ಎರಡನೇದರಲ್ಲಿ ಒಳಗಿನ ಹೆಸರು. ಮೂರನೇದರಲ್ಲಿ ಜನ ಓದುವ ಪ್ರಶ್ನೆ, ಕನ್ನಡಕ್ಕೆ ಒಂದು ಕಾಲಂ, ಇಂಗ್ಲಿಷ್‌ಗೆ ಇನ್ನೊಂದು. ರೆಲೆವೆಂಟ್ ಅನ್ನುವ ಕಾಲಂನಲ್ಲಿ 'ಮನೆಯಲ್ಲಿ ಮಗು ಇದ್ದರೆ ಮಾತ್ರ ಈ ಪ್ರಶ್ನೆ ತೋರಿಸು' ಅನ್ನುವ ಷರತ್ತು. ಕನ್‌ಸ್ಟ್ರೇಂಟ್ ಕಾಲಂನಲ್ಲಿ 'ವಯಸ್ಸು 120 ದಾಟಕೂಡದು'. ಅದನ್ನು ಅಪ್‌ಲೋಡ್ ಮಾಡಿದರೆ ಒಳಗೆ ಎಕ್ಸ್‌ಫಾರ್ಮ್ಸ್ ಅನ್ನುವ ಕಂಪ್ಯೂಟರ್ ಓದುವ ರೂಪ ಆಗುತ್ತದೆ. ಕಾರ್ಯಕರ್ತೆಯರ ಫೋನ್‌ನಲ್ಲಿ ಕಲೆಕ್ಟ್ ಆ್ಯಪ್ ಅದನ್ನೇ ಓದಿ ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ತೋರಿಸುತ್ತದೆ, ನೆಟ್ ಇಲ್ಲದೆಯೂ. ಆಫೀಸಲ್ಲಿ ಬ್ರೌಸರ್‌ನಲ್ಲಿ ಎನ್‌ಕೀಟೋ ಅನ್ನುವುದು ಅದೇ ಫಾರ್ಮನ್ನು ಉದ್ದ ಪುಟವಾಗಿ ತೋರಿಸುತ್ತದೆ. ಒಬ್ಬ ಪ್ರೋಗ್ರಾಮರ್ ಕೂಡ ನಮ್ಮ ಹತ್ತಿರ ಇಲ್ಲ.

ತೊಂದರೆ ಎಲ್ಲಿ ಬರುತ್ತದೆ ಅಂದರೆ, ಅಪಿಯರೆನ್ಸ್ ಅಂತ ಇನ್ನೊಂದು ಕಾಲಂ ಇದೆ. 'ಇದನ್ನು ಟೇಬಲ್ ಥರ ತೋರಿಸು', 'ಇದನ್ನು ಚಿಕ್ಕದಾಗಿ ತೋರಿಸು' ಅಂತ ಅಲ್ಲಿ ಬರೆಯಬಹುದು. ಫೋನ್‌ನಲ್ಲಿ ಒಪ್ಪುವ ಕೆಲವು ಬ್ರೌಸರ್‌ನಲ್ಲಿ ಒಪ್ಪುವುದಿಲ್ಲ, ಅಲ್ಲಿ ಒಪ್ಪುವ ಕೆಲವು ಇಲ್ಲಿ ಒಪ್ಪುವುದಿಲ್ಲ. ಆ ಕಾಲಂ ಖಾಲಿ ಇರುವ ತನಕ ಸುಖವಾಗಿರುತ್ತೇವೆ.

ಹಳೇ ಜಾವಾ ಮೇಷ್ಟ್ರು

ಅಕ್ಕಾ, ನೀವು ಕೊನೆಯಲ್ಲಿ ಹೇಳಿದ ಮಾತಿಗಾಗಿ ನಾನು ಎರಡು ಪುಟ ಬರೆಯಬೇಕಿತ್ತು. ಆ ಒಂದು ಕಾಲಂ ಮೂಲಕವೇ ಮೂರನೇ ಹಂತ ಎರಡನೇ ಹಂತದೊಳಗೆ ನುಗ್ಗುವುದು.

ಸಿಲ್ಕ್ ಬೋರ್ಡ್ ಸಂತ

ಫಾರ್ಮ್‌ಗೆ ಸರಿ ಅಕ್ಕಾ, ಒಪ್ಪಿದೆ. ಸಮೀಕ್ಷೆ ಮಾಡುವವರಿಗೆ ಸಂಬಳ ಕೊಡುತ್ತೀರಿ, ಸ್ಕ್ರೀನ್ ಹೇಗಿದ್ದರೂ ಬಳಸುತ್ತಾರೆ. ಮನೆಯವರು ಹಾಗಲ್ಲ. ಇಷ್ಟವಾಗದಿದ್ದರೆ ಅಸೋಸಿಯೇಷನ್ ಗ್ರೂಪಲ್ಲಿ ಬೈಯುತ್ತಾರೆ, ಮುಂದಿನ ಎಜಿಎಂನಲ್ಲಿ ಆ್ಯಪೇ ಬದಲಾಗುತ್ತದೆ.

ಫ್ರಾಪ್ಪೆ ಕಾಫಿ ಅಲ್ಲ

ಸಂತ ಹೇಳಿದ್ದು ನಮ್ಮ ಅನುಭವಕ್ಕೂ ಸರಿಹೊಂದುತ್ತದೆ. ನಾವು ಫ್ರಾಪ್ಪೆ ಫ್ರೇಮ್‌ವರ್ಕ್ ಮೇಲೆ ಕೆಲಸ ಮಾಡುವವರು, ಮುಂಬೈಯವರದ್ದು, ಕಂಪನಿ ವ್ಯವಹಾರ ನಡೆಸುವ ಇಆರ್‌ಪಿನೆಕ್ಸ್ಟ್ ಸಾಫ್ಟ್‌ವೇರ್ ಅದರ ಮೇಲೇ ನಿಂತಿದೆ. ಅಲ್ಲಿ ಡಾಕ್‌ಟೈಪ್ ಅಂತ ಬರೆಯುತ್ತೀರಿ: ಫೀಲ್ಡ್ ಯಾವುವು, ಯಾವುದು ಕಡ್ಡಾಯ, ಯಾವುದು ಯಾವಾಗ ಕಾಣಬೇಕು, ಯಾರಿಗೆ ಅನುಮತಿ. ಅಷ್ಟು ಬರೆದರೆ ಡೇಟಾಬೇಸ್ ಟೇಬಲ್, ಫಾರ್ಮ್, ಲಿಸ್ಟ್, ಎಪಿಐ (ಬೇರೆ ಪ್ರೋಗ್ರಾಂ ಜೊತೆ ಮಾತಾಡುವ ದಾರಿ) ಎಲ್ಲಾ ಬರುತ್ತದೆ. ಒಳಗಿನ ಸ್ಟಾಫ್‌ಗೆ ಇದು ದೇವರು ಕೊಟ್ಟ ವರ. ಹೊರಗಿನ ಗ್ರಾಹಕರು ನೋಡುವ ಪುಟ ಮಾತ್ರ ಪ್ರತಿ ಪ್ರಾಜೆಕ್ಟ್‌ನಲ್ಲೂ ಬೇರೆಯಾಗಿ ಕೈಯಲ್ಲೇ ಬರೆಯುತ್ತೇವೆ. ಆದರೆ, ಇದು ಮುಖ್ಯ, ಕೈಯಲ್ಲಿ ಬರೆದ ಪುಟ ಕೂಡ ಕೊನೆಗೆ ಡೇಟಾ ಕೊಡುವುದು ಅದೇ ಡಾಕ್‌ಟೈಪ್‌ಗೆ. ಕಡ್ಡಾಯ ಫೀಲ್ಡ್ ಖಾಲಿ ಬಿಟ್ಟರೆ ಸರ್ವರ್ ಒಪ್ಪುವುದಿಲ್ಲ. ಬಿಎಚ್ ನಂಬರ್ ಥರದ್ದು ಅಲ್ಲಿ ಒಂದೇ ಕಡೆ ಬದಲಾಗುತ್ತದೆ.

ಕೆಂಗೇರಿ ಕಂಪೈಲರ್

ಸರ್ವರ್‌ನಲ್ಲಿ ನಮಗೂ ಚೆಕ್ ಇದೆ. ಆದರೆ ಗಾರ್ಡ್ ಎಲ್ಲಾ ತುಂಬಿ, ಫೋಟೋ ತೆಗೆದು, ಕಳಿಸಿದ ಮೇಲೆ 'ನಂಬರ್ ಸರಿಯಿಲ್ಲ' ಅಂತ ವಾಪಸ್ ಬಂದರೆ ಅಲ್ಲಿ ಜಗಳ ಶುರು. ಬೇಸ್‌ಮೆಂಟ್ ಗೇಟ್‌ನಲ್ಲಿ ಸಿಗ್ನಲ್ ಬೇರೆ ಇರುವುದಿಲ್ಲ. ಅಲ್ಲಿ ಟ್ಯಾಬ್‌ನಲ್ಲೇ ಚೆಕ್ ಆಗಬೇಕು.

ಬಾಣಸವಾಡಿ ಬ್ಯಾಕೆಂಡ್

ಹಾಗಿದ್ದರೆ ನಿಮಗೆ ಬೇಕಿರುವುದು ಕೋಡ್ ಹುಟ್ಟಿಸುವ ಮಾಡೆಲ್ ಅಲ್ಲ, ಆ್ಯಪ್ ಓಡುವಾಗ ಓದುವ ಮಾಡೆಲ್. ಈ ಎರಡನ್ನೂ ಒಂದೇ ಅಂತ ತಿಳಿದು ಜನ ಚರ್ಚೆ ಮಾಡುತ್ತಾರೆ, ಅದಕ್ಕೇ ಯಾವುದೂ ಬಗೆಹರಿಯುವುದಿಲ್ಲ.

ಕೋಡ್ ಹುಟ್ಟಿಸಿದರೆ ಏನಾಗುತ್ತದೆ? ಮೊದಲ ದಿನ ಚೆನ್ನಾಗಿರುತ್ತದೆ. ಡಿಸೈನರ್ ಬಂದು ಇಲ್ಲಿ ಸ್ವಲ್ಪ ಜಾಗ ಬಿಡಿ ಅನ್ನುತ್ತಾರೆ. ಹುಡುಗರು ಹುಟ್ಟಿದ ಕೋಡ್‌ನಲ್ಲೇ ತಿದ್ದುತ್ತಾರೆ. ಮುಂದಿನ ಸಲ ಮಾಡೆಲ್‌ನಿಂದ ಮತ್ತೆ ಹುಟ್ಟಿಸಿದರೆ ತಿದ್ದಿದ್ದೆಲ್ಲ ಹೋಯಿತು. ಅದಕ್ಕೆ ಹೆದರಿ ಮತ್ತೆ ಹುಟ್ಟಿಸುವುದನ್ನೇ ಬಿಡುತ್ತಾರೆ. ಅಲ್ಲಿಗೆ ಮಾಡೆಲ್ ವಿಕಿಯಲ್ಲಿ ಒಂದು ಚಿತ್ರವಾಗಿ ಉಳಿಯುತ್ತದೆ. ಹುಟ್ಟಿದ ಕ್ಲಾಸ್ ಬೇರೆ, ಕೈಯಲ್ಲಿ ಬರೆದ ಸಬ್‌ಕ್ಲಾಸ್ ಬೇರೆ ಇಡಿ ಅನ್ನುವ ಉಪಾಯ ಇದೆ. ಸ್ಕ್ರೀನ್ ವಿಷಯದಲ್ಲಿ ಅದು ಅರ್ಧ ದಾರಿ ಮಾತ್ರ ಬರುತ್ತದೆ.

ಓಡುವಾಗ ಓದುವುದು ಅಂದರೆ ಸರ್ವರ್ ಮಾಡೆಲನ್ನು ಜೆಸನ್ ಅನ್ನುವ ಸಾದಾ ಪಠ್ಯ ರೂಪದಲ್ಲಿ ಕಳಿಸುತ್ತದೆ, ಪ್ರತಿ ಆ್ಯಪ್‌ನಲ್ಲೂ ಅದನ್ನು ಓದಿ ತೋರಿಸುವ ಒಂದು ರೆಂಡರರ್ ಇರುತ್ತದೆ. ರೆಂಡರರ್ ಪೂರ್ತಿ ಕೈಯಲ್ಲಿ ಬರೆದದ್ದು, ಆಯಾ ಪ್ಲಾಟ್‌ಫಾರ್ಮ್‌ನವರೇ ಬರೆದದ್ದು, ಹಾಗಾಗಿ ಚೆನ್ನಾಗಿರಬಹುದು. ಏರ್‌ಬಿಎನ್‌ಬಿಯವರು ತಮ್ಮ ಘೋಸ್ಟ್ ಪ್ಲಾಟ್‌ಫಾರ್ಮ್ ಬಗ್ಗೆ 2021ರಲ್ಲಿ ಬರೆದಿದ್ದಾರೆ, ಅದು ಈ ಜಾತಿಯದ್ದೇ. ಮೈಕ್ರೋಸಾಫ್ಟ್‌ನ ಅಡಾಪ್ಟಿವ್ ಕಾರ್ಡ್ಸ್ ಕೂಡ ಹಾಗೇ: ಕಾರ್ಡ್‌ನಲ್ಲಿ ಏನಿರಬೇಕು ಅಂತ ನೀವು ಜೆಸನ್‌ನಲ್ಲಿ ಹೇಳುತ್ತೀರಿ, ಬಣ್ಣ ಅಂಚು ಎಲ್ಲಾ ಅದನ್ನು ತೋರಿಸುವ ಆ್ಯಪ್‌ನ ಇಷ್ಟ.

ಇದರ ನೋವು ಬೇರೆ. ಸ್ಟೋರ್‌ಗೆ ಹೊಸ ಆ್ಯಪ್ ಹಾಕದೇ ರೂಲ್ ಬದಲಾಯಿಸಬಹುದು, ನಿಜ. ಆದರೆ ಹೊಸ ಬಗೆಯ ಫೀಲ್ಡ್ ಸೇರಿಸಿದರೆ ಹಳೇ ಆ್ಯಪ್‌ನ ರೆಂಡರರ್‌ಗೆ ಅದು ಏನು ಅಂತಲೇ ಗೊತ್ತಿರುವುದಿಲ್ಲ. ನಾನಿದ್ದ ಒಂದು ಕಂಪನಿಯಲ್ಲಿ ಹಾಗೆ ಗೊತ್ತಿಲ್ಲದ ಫೀಲ್ಡ್ ಬಂದರೆ ಸುಮ್ನೆ ಬಿಟ್ಟುಬಿಡುತ್ತಿದ್ದರು. ಬಿಟ್ಟದ್ದು ಒಪ್ಪಿಗೆಯ ಚೆಕ್‌ಬಾಕ್ಸ್. ಸ್ಕ್ರೀನ್‌ನಲ್ಲಿ ಅದು ಕಾಣುವುದಿಲ್ಲ, ಅದಿಲ್ಲದೆ ಸರ್ವರ್ ಒಪ್ಪುವುದಿಲ್ಲ. ಜನ ಬಟನ್ ಒತ್ತುತ್ತಲೇ ಇದ್ದರು. ಕ್ರ್ಯಾಶ್ ಇಲ್ಲ, ಲಾಗ್‌ನಲ್ಲೂ ಏನೂ ಇಲ್ಲ. ಸಪೋರ್ಟ್‌ಗೆ ಫೋನ್ ಬಂದ ಮೇಲೇ ಗೊತ್ತಾಗಿದ್ದು.

ಟೆಸ್ಟರಮ್ಮ

ಬ್ಯಾಕೆಂಡ್ ಅವರೇ, ನಿಮ್ಮ ಹಳೇ ಕಂಪನಿಯಲ್ಲಿ ನಾನೂ ಇದ್ದೆನೇನೋ ಅನಿಸುತ್ತಿದೆ 😀

ಇಲ್ಲಿ ಯಾರೂ ಕನ್ನಡದ ಬಗ್ಗೆ ಮಾತಾಡಿಲ್ಲ. ಮಾಡೆಲ್ ಪ್ಲಾಟ್‌ಫಾರ್ಮ್ ಗೊತ್ತಿಲ್ಲದ ಹಾಗೆ ಇರಬೇಕು ಅನ್ನುತ್ತೀರಲ್ಲ, ಲೇಬಲ್ ಉದ್ದ ಮಾತ್ರ ಎಲ್ಲಾ ಪ್ಲಾಟ್‌ಫಾರ್ಮ್‌ಗೂ ತಗುಲುತ್ತದೆ. ವಾಟ್ಸಾಪ್ ರಿಪ್ಲೈ ಬಟನ್‌ಗೆ 20 ಅಕ್ಷರ ಮಿತಿ. 'ಗೇಟ್‌ನಲ್ಲೇ ಬಿಟ್ಟು ಹೋಗಲಿ' ಅಂತ ಬರೆದರೆ ಕಣ್ಣಿಗೆ ಚಿಕ್ಕದೇ. ಆದರೆ ಯೂನಿಕೋಡ್ ಎಣಿಸುವುದು ಕಾಗುಣಿತ, ಒತ್ತು ಎಲ್ಲಾ ಬಿಡಿಸಿ. ಹಾಗೆ ಎಣಿಸಿದರೆ 23. 'ಗೇಟಲ್ಲೇ ಇಡಿ' ಅಂದರೆ 11. ಈ ಮಿತಿ ಮಾಡೆಲ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ, ಅನುವಾದ ಮಾಡುವವರಿಗೂ ಯಾರೂ ಹೇಳಿರುವುದಿಲ್ಲ. ಹಾಗಾಗಿ ಪ್ರತಿ ಲೇಬಲ್‌ಗೆ ಎರಡು ರೂಪ ಇಡಿ, ಒಂದು ಪೂರ್ತಿ, ಒಂದು ಚಿಕ್ಕದು. ಯಾವುದು ಬೇಕು ಅಂತ ರೆಂಡರರ್ ಆರಿಸಲಿ.

ಇನ್ನೊಂದು ಎತ್ತರ. ಇಂಗ್ಲಿಷ್‌ನಲ್ಲಿ ಡಿಸೈನ್ ಮಾಡಿದ ಬಟನ್‌ನಲ್ಲಿ 'ಸ್ತ್ರೀ', 'ವಸ್ತ್ರ' ಥರದ್ದು ಹಾಕಿದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಬಟನ್ ಎತ್ತರವನ್ನು ಯಾರೋ ಗಟ್ಟಿಯಾಗಿ ಬರೆದಿಟ್ಟಿರುತ್ತಾರೆ. ಆಂಡ್ರಾಯ್ಡ್ 15ಕ್ಕೆ ಟಾರ್ಗೆಟ್ ಮಾಡಿದ ಆ್ಯಪ್‌ಗಳಲ್ಲಿ ಎಲಿಗೆಂಟ್ ಟೆಕ್ಸ್ಟ್ ಹೈಟ್ ಅನ್ನುವುದು ತಾನಾಗಿಯೇ ಆನ್ ಆಗುತ್ತದೆ. ಕನ್ನಡ, ತಮಿಳು, ತೆಲುಗು, ಮಲಯಾಳಂ ಥರದ ಲಿಪಿಗಳಿಗೆ ಸಾಲಿನ ಎತ್ತರ ಜಾಸ್ತಿ ಸಿಗುತ್ತದೆ. ಓದಲು ಒಳ್ಳೇದು. ಆದರೆ ಎತ್ತರ ಗಟ್ಟಿ ಮಾಡಿಟ್ಟ ಸ್ಕ್ರೀನ್‌ಗಳೆಲ್ಲ ಒಮ್ಮೆಲೇ ಅಲುಗಾಡುತ್ತವೆ. ಐಫೋನ್‌ನಲ್ಲಿ ಏನೂ ಆಗಿರುವುದಿಲ್ಲ, ಡಿಸೈನರ್ ಹತ್ತಿರ ಐಫೋನೇ ಇರುತ್ತದೆ, ನಾವು ಬಗ್ ಹಾಕಿದರೆ 'ನನಗೆ ಸರಿಯಾಗೇ ಕಾಣುತ್ತಿದೆ' ಅನ್ನುತ್ತಾರೆ.

ಮಾಡೆಲ್‌ನಿಂದ ನಮಗೆ ನಿಜವಾಗಿ ಲಾಭವಾದದ್ದು ಎರಡು ಕಡೆ. ಪ್ರತಿ ಫೀಲ್ಡ್‌ಗೂ ಹೆಸರು ಇರಲೇಬೇಕು ಅನ್ನುವುದರಿಂದ ಕಣ್ಣು ಕಾಣದವರಿಗೆ ಸ್ಕ್ರೀನ್ ಓದಿ ಹೇಳುವ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಎರಡಕ್ಕೂ ಓದಲು ಏನಾದರೂ ಸಿಗುತ್ತದೆ. ಕೈಯಲ್ಲಿ ಬರೆದ ಸ್ಕ್ರೀನ್‌ಗಳಲ್ಲಿ ಅರ್ಧಕ್ಕರ್ಧ ಐಕಾನ್‌ಗಳು 'ಬಟನ್, ಬಟನ್' ಅಂತ ಓದಿಸಿಕೊಳ್ಳುತ್ತವೆ. ಇನ್ನೊಂದು, ಷರತ್ತುಗಳೆಲ್ಲ ಒಂದು ಫೈಲ್‌ನಲ್ಲಿ ಇರುವುದರಿಂದ ಟೆಸ್ಟ್ ಕೇಸ್‌ಗಳನ್ನು ಅಲ್ಲಿಂದಲೇ ತೆಗೆಯಬಹುದು. ಯಾವ ಷರತ್ತಿನಲ್ಲಿ ಯಾವ ಫೀಲ್ಡ್ ಕಾಣಬೇಕು ಅಂತ ಡೆವಲಪರ್ ಹಿಂದೆ ಓಡಾಡಬೇಕಿಲ್ಲ.

ಸಿಲ್ಕ್ ಬೋರ್ಡ್ ಸಂತ

ಸರಿ, ಇನ್ನೊಂದು ಕೇಳುತ್ತೇನೆ. ಈಗ ಎಐ ಇದೆ. ಆಂಡ್ರಾಯ್ಡ್‌ಗೆ ಕಾಟ್ಲಿನ್‌ನಲ್ಲಿ ಒಂದು ಸ್ಕ್ರೀನ್ ಬರೆದು 'ಇದನ್ನೇ ಐಫೋನ್‌ಗೆ ಸ್ವಿಫ್ಟ್‌ನಲ್ಲಿ ಕೊಡು, ವೆಬ್‌ಗೆ ರಿಯಾಕ್ಟ್‌ನಲ್ಲಿ ಕೊಡು' ಅಂದರೆ ಕ್ಷಣದಲ್ಲಿ ಕೊಡುತ್ತದೆ. ಐದು ಸಲ ಬರೆಯುವುದು ಕಷ್ಟ ಅಂತ ತಾನೇ ಮಾಡೆಲ್ ಬಂದಿದ್ದು? ಆ ಕಷ್ಟವೇ ಹೋದ ಮೇಲೆ ಮಾಡೆಲ್ ಯಾಕೆ?

ಬಾಣಸವಾಡಿ ಬ್ಯಾಕೆಂಡ್

ಬರೆಯುವುದು ಯಾವತ್ತೂ ಅಷ್ಟು ಕಷ್ಟ ಇರಲಿಲ್ಲ. ಐದೂ ಒಂದೇ ಮಾತು ಹೇಳುತ್ತಿವೆಯಾ ಅಂತ ನೋಡುವುದು ಕಷ್ಟ. ಎಐ ಐದು ಕೋಡ್ ಕೊಟ್ಟರೆ ಐದನ್ನೂ ಓದುವವರು ಯಾರು? ಇವರ ಗೇಟ್‌ನಲ್ಲಿ ಆದದ್ದೂ ಅದೇ ಅಲ್ವಾ, ಚೆಕ್ ಬರೆಯಲು ಯಾರೂ ಒದ್ದಾಡಲಿಲ್ಲ, ಒಂದು ಕಡೆ ಹಳೇದು ಉಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ರೆಂಡರರ್ ಬರೆಯಲು ಎಐ ಬಳಸಿ, ನಾನೂ ಬಳಸುತ್ತೇನೆ. ರೂಲ್ ಒಂದು ಕಡೆ ಇರಲಿ.

ಸಿಲ್ಕ್ ಬೋರ್ಡ್ ಸಂತ

ಹ್ಮ್. ರೂಲ್ ಒಂದು ಕಡೆ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಸ್ಕ್ರೀನ್ ಹುಟ್ಟಿಸುವುದಕ್ಕೆ ಈಗಲೂ ಇದೆ.

ಕೆಂಗೇರಿ ಕಂಪೈಲರ್

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಹಾಗೆ ಹಾಳೆ ಮೇಲೆ ಬರೆದೆ. ಪೂರ್ತಿ ಆ್ಯಪ್ ಅಲ್ಲ, ಎಂಟ್ರಿ ಮತ್ತು ತೀರ್ಮಾನ ಎರಡೇ. ನಿಜವಾದ ಫೈಲ್ ಜೆಸನ್‌ನಲ್ಲಿ ಇರುತ್ತದೆ, ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಹಾಕುತ್ತಿದ್ದೇನೆ.

ಕೆಲಸ: ಒಳಗೆ ಬಿಡುವ ತೀರ್ಮಾನ
ಯಾರು: ಮನೆಯವರು
ತೋರಿಸಬೇಕಾದ್ದು: ಬಂದವರ ಹೆಸರು, ಫೋಟೋ, ಯಾಕೆ ಬಂದರು
ಆಯ್ಕೆ, ಒಂದು ಮಾತ್ರ: ಬಿಡಿ, ಬೇಡ, ಗೇಟಲ್ಲೇ ಇಡಿ
ಮೂರನೇ ಆಯ್ಕೆ ಯಾವಾಗ: ಡೆಲಿವರಿ ಆಗಿದ್ದರೆ ಮಾತ್ರ
ಗಡುವು: 2 ನಿಮಿಷ
ಗಡುವು ಮೀರಿದರೆ: ಗಾರ್ಡ್‌ಗೆ ಇಂಟರ್‌ಕಾಮ್ ಮಾಡಲು ಹೇಳು
ಬಂದವರು ವಾಪಸ್ ಹೋದರೆ: ರದ್ದು, ಮನೆಯವರಿಗೆ ತಿಳಿಸು

ಬರೆಯುವಾಗ ಗೊತ್ತಾದದ್ದು, ಗಡುವು ಮೀರಿದರೆ ಏನು ಅನ್ನುವುದು ಐದು ಕಡೆಯಲ್ಲಿ ಮೂರು ರೀತಿ ಇದೆ. ಒಂದು ಕಡೆ ತಾನೇ 'ಬೇಡ' ಆಗುತ್ತದೆ, ಒಂದು ಕಡೆ ಸುಮ್ನೆ ಸುತ್ತುತ್ತಿರುತ್ತದೆ. ಇದು ಯುಐ ಪ್ರಶ್ನೆಯೇ ಅಲ್ಲ, ಅಸೋಸಿಯೇಷನ್ ತೀರ್ಮಾನ ಮಾಡಬೇಕಾದ್ದು. ಕೇಳಿದ್ದೇವೆ.

ಈಗ ನನ್ನ ಪ್ರಶ್ನೆ: 'ಡೆಲಿವರಿ ಆಗಿದ್ದರೆ ಮಾತ್ರ' ಥರದ ಷರತ್ತನ್ನು ಯಾವ ಭಾಷೆಯಲ್ಲಿ ಬರೆಯುವುದು? ನಾವೇ ಒಂದು ಸಣ್ಣ ಭಾಷೆ ಮಾಡಿಕೊಳ್ಳೋಣ ಅಂತ ಹುಡುಗರು ಕುಣಿಯುತ್ತಿದ್ದಾರೆ.

ಹಳೇ ಜಾವಾ ಮೇಷ್ಟ್ರು

ಬೇಡ. ದಯವಿಟ್ಟು ಬೇಡ. ಮೊದಲು ಸಮ ಇದೆಯಾ ಅನ್ನುವುದೊಂದೇ ಇರುತ್ತದೆ. ಆಮೇಲೆ ಮತ್ತು, ಅಥವಾ ಬರುತ್ತವೆ. ಆಮೇಲೆ ಯಾರೋ ದಿನಾಂಕದ ಲೆಕ್ಕ ಕೇಳುತ್ತಾರೆ. ಆಮೇಲೆ ಲೂಪ್. ಕೊನೆಗೆ ನಿಮ್ಮ ಕೈಯಲ್ಲಿ ಡಿಬಗರ್ ಇಲ್ಲದ ಒಂದು ಪ್ರೋಗ್ರಾಮಿಂಗ್ ಭಾಷೆ ಇರುತ್ತದೆ, ಅದನ್ನು ಬಲ್ಲವನು ಇನ್ನೊಂದು ಕಂಪನಿ ಸೇರಿಕೊಂಡಿರುತ್ತಾನೆ.

ಇರುವುದನ್ನೇ ತಗೊಳ್ಳಿ. ಷರತ್ತು ಬರೆಯಲೆಂದೇ ಜೆಸನ್‌ಲಾಜಿಕ್ ಇದೆ, ಗೂಗಲ್‌ನ ಸೆಲ್ (ಕಾಮನ್ ಎಕ್ಸ್‌ಪ್ರೆಶನ್ ಲ್ಯಾಂಗ್ವೇಜ್) ಇದೆ. ಯಾವ ಫೀಲ್ಡ್, ಯಾವ ಬಗೆ ಅಂತ ಹೇಳಲು ಜೆಸನ್ ಸ್ಕೀಮಾ ಸಾಕು. ವೆಬ್ ಕಡೆ ಅದನ್ನು ಓದಿ ಫಾರ್ಮ್ ತೋರಿಸುವ ಜೆಸನ್ ಫಾರ್ಮ್ಸ್ ಥರದ ಲೈಬ್ರರಿಗಳೂ ಸಿಗುತ್ತವೆ. ಅದರಲ್ಲಿ ಡೇಟಾದ ಸ್ಕೀಮಾ ಬೇರೆ, ಯುಐ ಸ್ಕೀಮಾ ಬೇರೆ ಫೈಲ್. ಹಾಗೆ ಬೇರೆ ಇಟ್ಟದ್ದಕ್ಕೇ ಅಕ್ಕನ ಅಪಿಯರೆನ್ಸ್ ಕಾಲಂ ಸಮಸ್ಯೆ ಸ್ವಲ್ಪ ಕಮ್ಮಿ.

ಟಿನ್ ಫ್ಯಾಕ್ಟರಿ ಟೈಪ್‌ಸ್ಕ್ರಿಪ್ಟ್

ಇರುವುದನ್ನು ತಗೊಂಡರೂ ಒಂದು ಹಳ್ಳ ಇದೆ. ಅದೇ ಷರತ್ತನ್ನು ಓದುವ ಕೋಡ್ ಕಾಟ್ಲಿನ್‌ನಲ್ಲಿ ಒಂದು, ಸ್ವಿಫ್ಟ್‌ನಲ್ಲಿ ಒಂದು, ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಇರುತ್ತದೆ. ಮೂರೂ ಒಂದೇ ಉತ್ತರ ಕೊಡುತ್ತವೆ ಅಂತ ನಂಬಬೇಡಿ. ಖಾಲಿ ಫೀಲ್ಡ್ ಅಂದರೆ ಒಂದು ಕಡೆ ನಲ್ (ಏನೂ ಇಲ್ಲ ಅನ್ನುವ ಗುರುತು), ಇನ್ನೊಂದು ಕಡೆ ಖಾಲಿ ಸ್ಟ್ರಿಂಗ್, ಮತ್ತೊಂದು ಕಡೆ ಅದು ಇಲ್ಲವೇ ಇಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಸೊನ್ನೆಯೂ ಖಾಲಿ ಸ್ಟ್ರಿಂಗೂ ಎರಡು ಸಮ ಚಿಹ್ನೆ ಹಾಕಿದರೆ ಒಂದೇ ಆಗಿಬಿಡುತ್ತವೆ. ನಂಬರ್ ಚೆಕ್ ಮಾಡುವ ರೆಜೆಕ್ಸ್ (ಅಕ್ಷರ, ಅಂಕಿ ಯಾವ ಕ್ರಮದಲ್ಲಿರಬೇಕು ಅನ್ನುವ ಸೂತ್ರ) ಕೂಡ ಅಲ್ಲಲ್ಲಿ ಬೇರೆ.

ಎರಡು ದಾರಿ. ಇನ್‌ಪುಟ್ ಇದು, ಉತ್ತರ ಇದು ಅಂತ ಒಂದು ಫೈಲ್ ಮಾಡಿ ಮೂರೂ ಕಡೆ ಬಿಲ್ಡ್‌ನಲ್ಲಿ ಓಡಿಸಿ, ಅದರಲ್ಲಿ ಬಿಎಚ್ ನಂಬರ್ ಮೊದಲ ಸಾಲು. ಇಲ್ಲವೇ ಷರತ್ತು ಓದುವ ಎಂಜಿನ್ ಒಂದನ್ನು ಮಾತ್ರ ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್‌ನಲ್ಲಿ ಬರೆದು ಎರಡೂ ಫೋನ್, ಟ್ಯಾಬ್‌ನಲ್ಲಿ ಬಳಸಿ. 2023ರ ನವೆಂಬರ್‌ನಲ್ಲಿ ಅದು ಸ್ಟೇಬಲ್ ಆಯಿತು. ಸ್ಕ್ರೀನ್‌ಗಳು ಆಂಡ್ರಾಯ್ಡ್‌ನ ಕಂಪೋಸ್ ಮತ್ತು ಐಫೋನ್‌ನ ಸ್ವಿಫ್ಟ್‌ಯುಐಯಲ್ಲೇ ಇರಲಿ. ಸಂತರ ತಕರಾರಿಗೂ ಇದು ಉತ್ತರ.

ಸಮೀಕ್ಷೆ ಅಕ್ಕ

ಗಾರ್ಡ್‌ಗಳ ಭಾಷೆ ಮರೆಯಬೇಡಿ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರು ಒಡಿಶಾದವರು, ಇಬ್ಬರು ಅಸ್ಸಾಮಿನವರು, ರಾತ್ರಿ ಪಾಳಿಯವರು ಮಂಡ್ಯದವರು. ಪಾಳಿ ಬದಲಾದಾಗ ಟ್ಯಾಬ್‌ನ ಭಾಷೆಯೂ ಬದಲಾಗಬೇಕು. ಲೇಬಲ್‌ಗಳೆಲ್ಲ ಒಂದು ಫೈಲ್‌ನಲ್ಲಿದ್ದರೆ ಇನ್ನೊಂದು ಕಾಲಂ ಸೇರಿಸಿದರಾಯಿತು. ಸ್ಕ್ರೀನ್ ಒಳಗೆ ಹುದುಗಿಸಿಟ್ಟರೆ ಯಾರೂ ಮಾಡುವುದಿಲ್ಲ.

ಕೆಂಗೇರಿ ಕಂಪೈಲರ್

ಹೌದು ಅಕ್ಕಾ, ಅದು ಪಟ್ಟಿಯಲ್ಲಿ ಇರಲೇ ಇಲ್ಲ. ಸೇರಿಸಿದೆ.

ಸದ್ಯಕ್ಕೆ ಹೀಗೆ ಯೋಚನೆ ಮಾಡಿದ್ದೇವೆ. ಎಂಟ್ರಿ ಫಾರ್ಮ್ ಮತ್ತು ತೀರ್ಮಾನ ಮಾತ್ರ ಮಾಡೆಲ್‌ನಲ್ಲಿ. ಮೇಂಟೆನೆನ್ಸ್ ಬಿಲ್, ನೋಟಿಸ್ ಬೋರ್ಡ್, ಕ್ಲಬ್‌ಹೌಸ್ ಬುಕಿಂಗ್ ಕೈಯಲ್ಲೇ. ವಿಜೆಟ್‌ಗಳನ್ನು ಯಾರೂ ಮಾಡೆಲ್‌ನಲ್ಲಿ ಬರೆಯಕೂಡದು, ಬಟನ್ ಅಂತ ಕಂಡರೆ ರಿವ್ಯೂನಲ್ಲಿ ವಾಪಸ್. ಮ್ಯಾನೇಜರ್‌ಗೆ 'ಎಲ್ಲಾ ಸ್ಕ್ರೀನ್ ತಾನೇ ಹುಟ್ಟುವುದಿಲ್ಲ' ಅಂತ ಹೇಳಿ ಆಯಿತು, ಮುಖ ಸ್ವಲ್ಪ ಸಣ್ಣದಾಯಿತು.

ಉಳಿದದ್ದು ಟ್ಯಾಬ್. ಗೇಟ್‌ಗಳಲ್ಲಿ ಹಳೇ ಆ್ಯಪ್ ಓಡುತ್ತಲೇ ಇರುತ್ತದೆ. ವೈಫೈ ಇಲ್ಲ, ಸಿಮ್‌ನ ಡೇಟಾ ಖಾಲಿ, ಯಾರೂ ಅಪ್‌ಡೇಟ್ ಮಾಡುವುದಿಲ್ಲ. ಮಾಡೆಲ್‌ನಲ್ಲಿ ಹೊಸ ಬಗೆಯ ಫೀಲ್ಡ್ ಬಂದರೆ ಬ್ಯಾಕೆಂಡ್ ಹೇಳಿದ ಚೆಕ್‌ಬಾಕ್ಸ್ ಕತೆಯೇ ಆಗುತ್ತದಲ್ಲ?

ಬಾಣಸವಾಡಿ ಬ್ಯಾಕೆಂಡ್

ಟ್ಯಾಬ್ ಸರ್ವರ್‌ಗೆ ಕೇಳುವಾಗ ತನಗೆ ಯಾವ ಯಾವ ಬಗೆಯ ಫೀಲ್ಡ್ ತೋರಿಸಲು ಬರುತ್ತದೆ ಅಂತ ಪಟ್ಟಿ ಕಳಿಸಲಿ, ಆ್ಯಪ್‌ನ ವರ್ಷನ್ ನಂಬರ್ ಅಲ್ಲ. ವರ್ಷನ್ ಕಳಿಸಿದರೆ ಯಾವ ವರ್ಷನ್‌ಗೆ ಏನು ಬರುತ್ತದೆ ಅನ್ನುವ ಕೋಷ್ಟಕ ಸರ್ವರ್‌ನಲ್ಲಿ ಬೆಳೆಯುತ್ತಾ ಹೋಗುತ್ತದೆ, ಅದನ್ನು ನೋಡಿಕೊಳ್ಳುವವರು ಸಿಗುವುದಿಲ್ಲ.

ಮಾಡೆಲ್‌ನಲ್ಲಿ ಪ್ರತಿ ಹೊಸ ಬಗೆಗೂ 'ಇದು ಬರದಿದ್ದರೆ ಇದನ್ನು ತೋರಿಸು' ಅಂತ ಒಂದು ಹಳೇ ಬಗೆ ಕಡ್ಡಾಯವಾಗಿ ಇರಲಿ. ಅಡಾಪ್ಟಿವ್ ಕಾರ್ಡ್ಸ್‌ನಲ್ಲಿ ಫಾಲ್‌ಬ್ಯಾಕ್ ಅಂತ ಇರುವುದು ಇದೇ. ಕ್ಯೂಆರ್ ಸ್ಕ್ಯಾನ್ ಬರದಿದ್ದರೆ ಆರಂಕಿ ಕೋಡ್ ಹೊಡೆಯುವುದು, ಹಾಗೆ. ಹಳೇ ಬಗೆಯೂ ಇಲ್ಲ, ಫೀಲ್ಡ್ ಕಡ್ಡಾಯವೂ ಹೌದು ಅಂತಾದರೆ ಫಾರ್ಮ್ ತೋರಿಸಲೇಬೇಡಿ. ದೊಡ್ಡದಾಗಿ 'ಆ್ಯಪ್ ಅಪ್‌ಡೇಟ್ ಮಾಡಿ, ಅಲ್ಲಿವರೆಗೆ ಇಂಟರ್‌ಕಾಮ್' ಅಂತ ತೋರಿಸಿ. ಗಾರ್ಡ್ ಬೈಯುತ್ತಾರೆ, ಬೈದರೆ ಆಫೀಸಿಗೆ ಗೊತ್ತಾಗುತ್ತದೆ, ಯಾರಾದರೂ ಬಂದು ಅಪ್‌ಡೇಟ್ ಮಾಡುತ್ತಾರೆ.

ಟೆಸ್ಟರಮ್ಮ

ಆ ಮೆಸೇಜೂ ಗಾರ್ಡ್ ಆರಿಸಿದ ಭಾಷೆಯಲ್ಲೇ ಬರಬೇಕು, ಹಾಗಾಗಿ ಅದು ಸರ್ವರ್‌ನಿಂದ ಅಲ್ಲ, ಆ್ಯಪ್ ಒಳಗೇ ಎಲ್ಲಾ ಭಾಷೆಯಲ್ಲೂ ಇರಲಿ. ನೆಟ್ ಇಲ್ಲದಾಗಲೇ ಅದು ಬೇಕಾಗುವುದು.